ಎಲೆನ್‌ಬ್ರೂಕಿನಲ್ಲೊಬ್ಬ ಟುವಾಲು ಮಂತ್ರಿ

ಟುವಾಲು ದೇಶದ ಹಣಕಾಸು ಮಂತ್ರಿಗಳು ಆಸ್ಟ್ರೇಲಿಯಾದ ಪರ್ತಿನ ಎಲೆನ್‌ಬ್ರೂಕ್‌ನಲ್ಲಿ, ನಾಲ್ಕು ಬೆಡ್‌ರೂಮಿನ ಮನೆಯಲ್ಲಿ, ಪಂಚೆ ಉಟ್ಟುಕೊಂಡು ವಾಸವಾಗಿದ್ದಾರೆ. ಈ ವಿಷಯ ಟುವಾಲು ದೇಶಕ್ಕೆ ಗೊತ್ತಿಲ್ಲ. ನಮಗೆ ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಗೊತ್ತು.

ಅವರು ನನ್ನ ಅಕ್ಕನ ಗಂಡ. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲೇ ಯಾರಾದರೂ ಕುತೂಹಲಕ್ಕೆ ಫೋನ್ ಮಾಡಿ ಒಂದೂವರೆ ಗಂಟೆ ಕಳೆದುಕೊಳ್ಳುತ್ತೀರಿ, ಆ ಶಾಪ ನನಗೆ ತಟ್ಟುತ್ತದೆ. ಭಾವ ಮೈಸೂರಿನವರು, ವೃತ್ತಿಯಲ್ಲಿ ಭೂವಿಜ್ಞಾನಿ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇಲ್ಲಿನ ಕಬ್ಬಿಣದ ಗಣಿಗಳಲ್ಲಿ ದುಡಿದವರು. ಟುವಾಲುವಿನಲ್ಲಿ ಕಬ್ಬಿಣವಿಲ್ಲ, ಗಣಿಯಿಲ್ಲ, ಬೆಟ್ಟವೂ ಇಲ್ಲ. ಆಸ್ಟ್ರೇಲಿಯಾಕ್ಕೂ ಹವಾಯಿಗೂ ನಡುವೆ ಎಲ್ಲೋ ಒಂದು ಕಡೆ ಹವಳದಿಂದಾದ ಒಂಬತ್ತು ಸಣ್ಣ ದ್ವೀಪಗಳಿವೆ, ಅಷ್ಟೇ. ದೇಶದ ಹೆಸರಿಗೆ 'ಎಂಟು ಜೊತೆಗೆ ನಿಂತಿವೆ' ಎಂದು ಅರ್ಥವಂತೆ. ಇರುವುದು ಒಂಬತ್ತು, ಹೆಸರಿನಲ್ಲಿ ಎಂಟು ಯಾಕೆ ಎಂದು ದಯವಿಟ್ಟು ಭಾವನನ್ನು ಕೇಳಬೇಡಿ. ನಾನು ಒಮ್ಮೆ ಕೇಳಿದ್ದೆ. ಒಲೆಯ ಮೇಲಿದ್ದ ಸಾರು ತಳ ಹಿಡಿಯಿತು.

ಆ ದೇಶಕ್ಕೆ ಭಾವ ಒಮ್ಮೆಯೂ ಹೋಗಿಲ್ಲ. ಅಲ್ಲಿಯವರೊಬ್ಬರನ್ನೂ ಭೇಟಿಯಾಗಿಲ್ಲ. ಸದಾ ಟುವಾಲುವಿನ ಮಾತೇ ಆಡುವ ಈ ಹುಚ್ಚು ಯಾವಾಗ ಹಿಡಿಯಿತು, ಯಾಕೆ ಹಿಡಿಯಿತು ಎಂಬುದು ನಮ್ಮ ಮನೆತನದ ದೊಡ್ಡ ರಹಸ್ಯ. ಗಣಿಯ ಬಿಸಿಲಿಗೆ ತಲೆ ಕಾದು ಹೀಗಾಯಿತು ಎಂದು ನಮ್ಮಮ್ಮ ನಂಬಿದ್ದರು. ಪ್ರತಿ ಸಲ ಫೋನಿನಲ್ಲಿ ಎಣ್ಣೆಸ್ನಾನ ಮಾಡಿಸಲು ಅಕ್ಕನಿಗೆ ಹೇಳುತ್ತಿದ್ದರು. ಅಕ್ಕ ಮಾಡಿಸಿಯೂ ನೋಡಿದಳು. ತಲೆಗೆ ಎಣ್ಣೆ ಒತ್ತಿಸಿಕೊಳ್ಳುತ್ತಾ ಭಾವ ಅಲ್ಲಿನ ಕೊಬ್ಬರಿ ವ್ಯಾಪಾರ ಹೇಗೆ ಬಿತ್ತು ಎಂದು ವಿವರಿಸಿದರು.

ಅಡಿಲೇಡಿನ ಮಾಡ್ಬರಿಯಲ್ಲಿ ನಾವು ಮನೆ ಕೊಂಡಾಗ ಅಕ್ಕ ಭಾವ ಗೃಹಪ್ರವೇಶಕ್ಕೆ ಬಂದರು. ಎಲ್ಲರೂ ಅಡುಗೆಮನೆ ನೋಡಿದರು, ವಾಸ್ತು ನೋಡಿದರು. ಭಾವ ಮೊಬೈಲ್ ಹಿಡಿದು ಮೂಲೆಮೂಲೆಗೂ ನಿಂತು ಮನೆ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ನೋಡಿ, "ಪರವಾಗಿಲ್ಲ, ಪಾಸ್" ಎಂದರು. "ಟುವಾಲುನಲ್ಲಿ ಅತಿ ಎತ್ತರದ ಜಾಗ ಹತ್ತೋಕೆ ನಿಮ್ಮ ಗ್ಯಾರೇಜಲ್ಲಿರೋ ಏಣಿ ಸಾಕು."

ಅಷ್ಟಕ್ಕೇ ನಿಲ್ಲಿಸಿದ್ದರೆ ಅವರು ಭಾವ ಹೇಗಾಗುತ್ತಿದ್ದರು? ಪುರೋಹಿತರು ಸಂಕಲ್ಪ ಶುರು ಮಾಡಿದರು. ವಾರದ ದಿನಗಳಲ್ಲಿ ಸಾಫ್ಟ್‌ವೇರ್, ಶನಿವಾರ ಭಾನುವಾರ ಪೌರೋಹಿತ್ಯ ಮಾಡುವ, ಮೂವತ್ತೂ ದಾಟದ ಹುಡುಗ. ಯಾವ ದ್ವೀಪ, ಯಾವ ಖಂಡ, ಯಾವ ಊರು ಎಂದು ವಿಳಾಸ ಹೇಳಬೇಕಲ್ಲ, ಅಲ್ಲಿಗೆ ಬಂದಾಗ ಭಾವ ಕೈಯೆತ್ತಿದರು.

"ಶಾಸ್ತ್ರಿಗಳೇ, ಒಂದು ಡೌಟು. ಟುವಾಲುನಲ್ಲಿ ಗೃಹಪ್ರವೇಶ ಆದ್ರೆ ಯಾವ ದ್ವೀಪ ಅಂತ ಹೇಳ್ತೀರಿ?"

"ಅಲ್ಲಿ ಯಾರೂ ಗೃಹಪ್ರವೇಶ ಮಾಡಿಸ್ತಿಲ್ವಲ್ಲ ಅಂಕಲ್."

"ಮಾಡಿಸಿದ್ರೆ?"

ಪಾಪ, ಹುಡುಗ ಪ್ರಾಮಾಣಿಕ. ಅರಿಶಿನದ ಗಣಪತಿಯ ಮುಂದೆ ಮೊಬೈಲ್ ಇಟ್ಟು ನಕ್ಷೆ ತೆರೆದ. ಇಬ್ಬರೂ ತಲೆಗೆ ತಲೆ ತಾಗಿಸಿ ಪೆಸಿಫಿಕ್ ಸಾಗರ ನೋಡಿದರು. ಸುತ್ತ ನಾವೆಲ್ಲ ಬಗ್ಗಿದೆವು. ಅಷ್ಟರಲ್ಲಿ ಒಲೆಯ ಮೇಲಿಟ್ಟಿದ್ದ ಹಾಲು ತನ್ನಷ್ಟಕ್ಕೆ ಉಕ್ಕಿ, ಹರಿದು, ತಣ್ಣಗೂ ಆಯಿತು. ಯಾರೂ ನೋಡಲಿಲ್ಲ. ಯಾರೂ ನೋಡದ ಹಾಲು ಉಕ್ಕಿದ ಲೆಕ್ಕವೋ ಅಲ್ಲವೋ ಎಂದು ಇನ್ನರ್ಧ ಗಂಟೆ ಚರ್ಚೆಯಾಗಿ, ಕೊನೆಗೆ ಸರ್ವೋಗೆ ಓಡಿ, ಅಂದರೆ ಪೆಟ್ರೋಲ್ ಬಂಕಿಗೆ, ಇನ್ನೊಂದು ಬಾಟಲಿ ಹಾಲು ತಂದು ಮತ್ತೆ ಉಕ್ಕಿಸಿದೆವು. ಒಂದೇ ಮನೆಗೆ ಎರಡು ಸಲ ಗೃಹಪ್ರವೇಶ ಮಾಡಿದವರು ದಕ್ಷಿಣ ಆಸ್ಟ್ರೇಲಿಯಾದಲ್ಲಿ ನಾವೊಬ್ಬರೇ ಇರಬೇಕು.

ಆ ದೇಶದ ಚರಿತ್ರೆಯಲ್ಲಿ ಭಾವನಿಗೆ ತುಂಬ ಇಷ್ಟವಾದ ಅಧ್ಯಾಯ ಪಾಲು ಆದದ್ದು. ಬ್ರಿಟಿಷರು ಪಕ್ಕದ ಇನ್ನೊಂದು ದ್ವೀಪಗುಂಪನ್ನೂ ಇದನ್ನೂ ಸೇರಿಸಿ ಒಂದೇ ಮನೆಯ ಹಾಗೆ ಆಳುತ್ತಿದ್ದರಂತೆ. ಭಾಷೆ ಬೇರೆ, ಜನ ಬೇರೆ. ನಾವು ಬೇರೆ ಹೋಗುತ್ತೇವೆ ಎಂದು ಇವರು ಮತ ಹಾಕಿದರು. ಹೋಗುವುದಾದರೆ ಆಸ್ತಿ ಕೇಳಬೇಡಿ, ಒಂದು ಹಡಗು ಕೊಡುತ್ತೇವೆ, ಅಷ್ಟೇ ಎಂಬ ಉತ್ತರ ಬಂತು. ಇವರು ಹಡಗೊಂದನ್ನು ತೆಗೆದುಕೊಂಡು ಹೊರಟೇಬಿಟ್ಟರು. ಇದನ್ನು ಹೇಳುವಾಗ ಭಾವನ ಎದೆ ಉಬ್ಬುತ್ತದೆ, ಆ ಹಡಗಿನ ಮೊದಲ ಟಿಕೆಟ್ ಇವರೇ ಹರಿದವರಂತೆ.

ಮೈಸೂರಿನಲ್ಲಿ ಭಾವನ ದಾಯಾದಿಗಳ ನಡುವೆ ಒಂದು ಸೈಟಿನ ವಿಷಯಕ್ಕೆ ಜಟಾಪಟಿ ನಡೆದಾಗ ಭಾವ ಎಲ್ಲರನ್ನೂ ವೀಡಿಯೊ ಕಾಲಿನಲ್ಲಿ ಕೂರಿಸಿ ಸಮಾಧಾನ ಹೇಳಿದರು. "ನೋಡ್ರಪ್ಪಾ, ಬೇರೆ ಹೋಗೋವಾಗ ದೊಡ್ಡ ಮನಸ್ಸಿರ್ಬೇಕು. ಬರೀ ಒಂದು ಹಡಗು ತಗೊಂಡು ಹೋದೋರೂ ಇದಾರೆ." ಆ ಕಡೆಯಿಂದ ದೊಡ್ಡಪ್ಪನ ಮಗ ಕೇಳಿದ, "ಹಡಗು ಬೇರೆ ಇತ್ತಾ? ಅದನ್ನ ಯಾಕೆ ಪಾಲಿಗೆ ತೋರ್ಸಿಲ್ಲ?" ಆ ಹಡಗಿನ ಅನುಮಾನ ಇವತ್ತಿಗೂ ಪೂರ್ತಿ ಹೋಗಿಲ್ಲ.

ಇನ್ನು ಆದಾಯದ ಕಥೆ. ಆ ದೇಶಕ್ಕೆ ಇಂಟರ್ನೆಟ್ ವಿಳಾಸದ ಬಾಲಕ್ಕೆಂದು ಸಿಕ್ಕ ಎರಡು ಅಕ್ಷರ 'ಟಿ' ಮತ್ತು 'ವಿ'. ಜಗತ್ತಿನ ಟಿವಿಯವರೆಲ್ಲ ಬಾಡಿಗೆ ಕೊಟ್ಟು ಅದನ್ನು ಬಳಸುತ್ತಾರೆ. ಇನ್ನೊಂದು ಆದಾಯ ಮೀನಿನದ್ದು. ಹಿಡಿಯುವವರು ಬೇರೆ ದೇಶದ ದೊಡ್ಡ ಹಡಗಿನವರು, ಪರವಾನಗಿಯ ದುಡ್ಡು ಇವರಿಗೆ. ಇದನ್ನೆಲ್ಲ ಭಾವ ಕನ್ನಡದವರು ಸೇರಿದ ಬಾರ್ಬಿಯೊಂದರಲ್ಲಿ, ಅಂದರೆ ಬಾರ್ಬೆಕ್ಯೂ ಕೂಟದಲ್ಲಿ, ಬೆಂಕಿಯ ಮೇಲೆ ಪನೀರ್ ತಿರುವುತ್ತಾ ಹೇಳುತ್ತಿದ್ದರು. ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ವೀಸಾ, ಸಿಗದೆ ಒದ್ದಾಡುತ್ತಿದ್ದ ಒಬ್ಬ ಹುಡುಗ ಅದಕ್ಕೆ ಬೇಕಾದ ಪಾಯಿಂಟ್ಸ್ ಸಾಲುತ್ತಿಲ್ಲ ಎಂದು ಗೋಳಾಡಿದ. ಭಾವ, "ಟುವಾಲುನವ್ರಿಗೆ ಪಾಯಿಂಟ್ಸೇ ಇಲ್ಲ ಕಣಪ್ಪ. ಸಮುದ್ರ ಮೇಲೆ ಬರ್ತಿದೆ ಅಂತ ಅವ್ರಿಗೆ ಇಲ್ಲಿಗೆ ಬರೋಕೆ ಲಾಟರಿ ಎತ್ತಿ ವೀಸಾ ಕೊಡ್ತಾರೆ" ಎಂದರು.

"ಹಾಗಾದ್ರೆ ಟುವಾಲುನವ್ನಾಗೋದು ಹೇಗೆ ಅಂಕಲ್?"

ಭಾವನ ಜೀವಮಾನದಲ್ಲಿ ಟುವಾಲುವಿನ ಬಗ್ಗೆ ಒಬ್ಬ ಅಪರಿಚಿತ ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಪನೀರ್ ಇದ್ದಿಲಾಯಿತು. ಆ ಹುಡುಗ ಈಗ ಕೆನಡಾದಲ್ಲಿದ್ದಾನೆ.

ಇಲ್ಲಿಯವರೆಗೂ ನಕ್ಕೆವು. ನಗು ನಿಂತದ್ದು ಅನಘಾಳ ಮದುವೆಯ ಮಾತು ಬಂದಾಗ. ಅನಘಾ ಅಕ್ಕ ಭಾವನ ಒಬ್ಬಳೇ ಮಗಳು. ಪರ್ತಿನಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಹೇಳುವವಳು. ಎರಡು ವರ್ಷದ ಹಿಂದೆ ಒಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಮನೆಗೆ ಬಂದರು, ಭಾವ ಬಾಯಿ ತೆರೆದರು, ಅವರು ಮೀನಿನ ಪರವಾನಗಿಯ ತನಕ ತಡೆದುಕೊಂಡು ಎದ್ದರು. ಜಾತಕ ಕೂಡಲಿಲ್ಲ ಎಂದು ಮಾರನೆಯ ದಿನ ಹೇಳಿಕಳಿಸಿದರು. ನಾವು ಇನ್ನೂ ಜಾತಕವನ್ನೇ ಕೊಟ್ಟಿರಲಿಲ್ಲ.

ಈ ಸಲದ ಹುಡುಗ ಅನಘಾ ತಾನೇ ಮೆಚ್ಚಿದವನು. ಬ್ರಿಸ್ಬೇನಿನ ಇಂಜಿನಿಯರ್. ತಂದೆ ತಾಯಿ ನಮ್ಮ ಮೈಸೂರಿನವರೇ. ಆದರೆ ತಾಯಿ ಒಪ್ಪದೆ ಮುಂದುವರಿಯುವುದಿಲ್ಲ ಎಂದು ಮೊದಲೇ ಹೇಳಿದ್ದ. ಬ್ರಿಸ್ಬೇನಿನಿಂದ ಪರ್ತಿಗೆ ಐದು ಗಂಟೆ ವಿಮಾನದಲ್ಲಿ ಕೂತು ಮೂವರೂ ಬರುತ್ತಾರೆಂದು ಗೊತ್ತಾದ ದಿನ ಅಕ್ಕ ನನ್ನನ್ನೂ ಅಡಿಲೇಡಿನಿಂದ ಕರೆಸಿಕೊಂಡಳು. ಗೋಡೆಯ ಮೇಲಿದ್ದ ಪೆಸಿಫಿಕ್ ನಕ್ಷೆ ತೆಗೆಸಿ ಮಂಚದ ಕೆಳಗೆ ಸರಿಸಿದಳು. ಆಮೇಲೆ ಭಾವನ ಮುಂದೆ ನಿಂತಳು.

"ರೀ, ಆ ದೇಶದ ಹೆಸರು ಇವತ್ತು ನಿಮ್ ಬಾಯಲ್ಲಿ ಬರ್ಕೂಡ್ದು. ನನ್ ಮಗಳ ಜೀವನದ ಪ್ರಶ್ನೆ."

"ಬರಲ್ಲ," ಎಂದರು ಭಾವ.

ಬರಲೂ ಇಲ್ಲ. ತೊಂದರೆ ಆದದ್ದೇ ಅದರಿಂದ. ಟುವಾಲು ತೆಗೆದರೆ ಭಾವನ ಬಳಿ ಬೇರೆ ಮಾತೇ ಉಳಿಯುವುದಿಲ್ಲ ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಹುಡುಗನ ತಂದೆ ಲೋಕಾಭಿರಾಮವಾಗಿ, "ಈ ಸಲ ಬ್ರಿಸ್ಬೇನಲ್ಲಿ ನಮ್ ಬೀದಿ ಕೊನೇವರ್ಗೂ ನೀರು ಬಂದ್ಬಿಟ್ಟಿತ್ತು ನೋಡಿ" ಎಂದರು. ಭಾವನ ತುಟಿ ಅಲುಗಾಡಿತು. ಅಕ್ಕನ ಕಡೆ ನೋಡಿದರು. "ಹೌದಾ" ಎಂದರು. ನಮ್ಮಲ್ಲಿ ಮೀನು ಮೊಟ್ಟೆ ಏನೂ ಇಲ್ಲ ಎಂದು ಹುಡುಗನ ತಾಯಿ ಹೇಳಿದಾಗ ಕಣ್ಣು ಮುಚ್ಚಿಕೊಂಡರು. ಟಿವಿ ದೊಡ್ಡದಿದೆಯಲ್ಲ ಎಂದು ಹುಡುಗ ಅಂದದ್ದಕ್ಕೆ ಕೇಸರಿಬಾತಿನ ತಟ್ಟೆ ಹಿಡಿದುಕೊಂಡು ಎದ್ದು ಹಿತ್ತಿಲಿಗೆ ಹೋಗಿ, ಐದು ನಿಮಿಷ ಬಿಟ್ಟು ಬಂದು ಮತ್ತೆ ಕೂತರು.

ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟರು. ದನಿಯಲ್ಲಿ ಕೋಪವಿರಲಿಲ್ಲ, ಬೇಸರವಿತ್ತು. "ನಿಮ್ ಯಜಮಾನ್ರಿಗೆ ಈ ಸಂಬಂಧ ಇಷ್ಟ ಇಲ್ಲ ಅನ್ಸುತ್ತೆ. ಬಲವಂತ ಬೇಡಮ್ಮ. ಹೆಣ್ಣಿನ ತಂದೆಗೆ ಮನಸ್ಸಿಲ್ದೆ ಇರೋ ಮನೆಯಿಂದ ನಾವು ಹೆಣ್ಣು ತರಲ್ಲ." ಗಂಡನಿಗೆ ಕಣ್ಸನ್ನೆ ಮಾಡಿ ಕೈಚೀಲ ತೆಗೆದುಕೊಂಡರು. ಅಡುಗೆಮನೆಯ ಕಟ್ಟೆಯ ಮೇಲೆ ಅಕ್ಕ ಜೋಡಿಸಿಟ್ಟಿದ್ದ ತಾಂಬೂಲದ ತಟ್ಟೆ ಹಾಗೇ ಇತ್ತು. ಭಾವ ಕೊಟ್ಟ ಮಾತು ಮುರಿಯುವುದೋ ಮಗಳ ಮದುವೆ ಮುರಿಯುವುದೋ ತಿಳಿಯದೆ ಬಾಯಿ ತೆರೆದು ಮುಚ್ಚಿದರು.

ಆಗ ಅನಘಾ ಮಾತಾಡಿದಳು. ಕನ್ನಡದಲ್ಲಿ.

"ಕೂತ್ಕೊಳಿ ಆಂಟಿ. ಅಪ್ಪಂಗೆ ಸಿಟ್ಟಿಲ್ಲ. ಅಮ್ಮ ಟುವಾಲು ಮಾತಾಡ್ಬೇಡಿ ಅಂದಿದಾರೆ. ಅಪ್ಪಂಗೆ ಬೇರೆ ಮಾತು ಬರಲ್ಲ."

"ಟುವಾಲು ಅಂದ್ರೆ?"

"ಒಂದು ದೇಶ. ಸಣ್ಣದು. ಅದು ನನ್ನಿಂದ ಆಗಿದ್ದು ಆಂಟಿ." ಅವಳ ಕನ್ನಡ ಎಡವುತ್ತಿತ್ತು, ಆದರೂ ಬಿಡಲಿಲ್ಲ. "ನಾನು ಚಿಕ್ಕೋಳಿದ್ದಾಗ ಅಪ್ಪ ಪ್ರತಿ ಸಲ ಟೂ ವೀಕ್ಸ್ ದೂರದ ಮೈನ್ಸಲ್ಲೇ ಇರ್ತಿದ್ರು. ದಿನಾ ಈವ್ನಿಂಗ್ ಫೋನ್ ಮಾಡ್ತಿದ್ರು. ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ. ಆಮೇಲೆ ಏನು ಹೇಳ್ಬೇಕು ಅಂತ ಅಪ್ಪಂಗೆ ಗೊತ್ತಾಗ್ತಿರ್ಲಿಲ್ಲ. ಸರಿ ಇಡ್ತೀನಿ ಅಂತಿದ್ರು. ಸ್ಕೂಲಲ್ಲಿ ಯಾರೋ ನಂಗೊಂದು ಸ್ಟ್ಯಾಂಪ್ ಕೊಟ್ಟಿದ್ರು, ಟುವಾಲುದು, ಅದ್ರ ಮೇಲೆ ಟ್ರೈನ್ ಇತ್ತು. ಅಲ್ಲಿ ಟ್ರೈನ್ ಇದ್ಯಾ ಅಪ್ಪ ಅಂತ ಕೇಳ್ದೆ. ಗೊತ್ತಿಲ್ಲ ಮಗಳೇ, ನಾಳೆ ಹೇಳ್ತೀನಿ ಅಂದ್ರು. ನೆಕ್ಸ್ಟ್ ಡೇ ಹೇಳಿದ್ರು, ಆ ದೇಶದಲ್ಲಿ ಟ್ರೈನೇ ಇಲ್ಲ, ಸ್ಟ್ಯಾಂಪ್ ಮಾರೋದೇ ಅವ್ರ ಬಿಸಿನೆಸ್ಸು ಅಂತ. ಅವತ್ತು ತುಂಬಾ ಹೊತ್ತು ಫೋನ್ ಇಡ್ಲಿಲ್ಲ. ಅದಕ್ಕೆ ದಿನಾ ಒಂದು ಕೇಳ್ತಿದ್ದೆ. ಅಲ್ಲಿ ಏನ್ ತಿಂತಾರೆ, ಸ್ಕೂಲ್ ಇದ್ಯಾ, ದುಡ್ಡು ಎಲ್ಲಿಂದ ಬರುತ್ತೆ. ನಂಗೆ ಟುವಾಲು ಬೇಕಿರ್ಲಿಲ್ಲ ಆಂಟಿ. ಅಪ್ಪ ಫೋನ್ ಇಡ್ಬಾರ್ದು, ಅಷ್ಟೇ."

ಭಾವ ಮಗಳನ್ನೇ ನೋಡುತ್ತಿದ್ದರು.

"ನಿಂಗೆ ಇಷ್ಟ ಇರ್ಲಿಲ್ವಾ?"

"ಇಲ್ಲ ಅಪ್ಪ. ಸಾರಿ."

ಭಾವ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, "ನಂಗೂ ಇರ್ಲಿಲ್ಲ ಮಗಳೇ," ಎಂದರು. "ಶಿಫ್ಟ್ ಮುಗಿಸಿ ಓದ್ಕೊಂಡು ಕೂರ್ತಿದ್ದೆ. ಇವತ್ತು ನೀನೇನಾದ್ರೂ ಕೇಳಿ, ನಂಗೆ ಗೊತ್ತಿಲ್ದೆ ಹೋದ್ರೆ, ನಾಳೆ ನೀನು ಫೋನಿಗೇ ಬರ್ದೆ ಇದ್ರೆ ಅಂತ ಭಯ ಆಗ್ತಿತ್ತು."

ನಾನು ಅಡುಗೆಮನೆಗೆ ಹೋಗಿ ಅತ್ತೆ. ಇಷ್ಟು ವರ್ಷ ಆ ಮನುಷ್ಯನ ಬೆನ್ನ ಹಿಂದೆ ನಾನು ಆಡಿದ ಮಾತೆಲ್ಲ ನೆನಪಾಗಿ ನಾಚಿಕೆಯೂ ಆಯಿತು. ಮುಖ ತೊಳೆದುಕೊಳ್ಳುತ್ತಿದ್ದಾಗ ಹುಡುಗನ ತಾಯಿ ತಾವೇ ಒಳಗೆ ಬಂದರು. ಅವರ ಕಣ್ಣೂ ಕೆಂಪಾಗಿತ್ತು. ನನ್ನನ್ನು ಏನೂ ಕೇಳದೆ ಕಟ್ಟೆಯ ಮೇಲಿದ್ದ ತಾಂಬೂಲದ ತಟ್ಟೆ ಎತ್ತಿಕೊಂಡು ಹೋಗಿ ಅಕ್ಕನ ಕೈಗಿತ್ತು, "ಕೊಡಿ, ಬದಲಾಯಿಸ್ಕೊಂಡ್‌ಬಿಡೋಣ" ಎಂದರು.

ತಾಂಬೂಲ ಬದಲಾಯಿತು. ಸಂಜೆ ಬೀಗರು ಹೊರಡುವಾಗ ಎಲ್ಲರೂ ಕಾರಿನ ಬಳಿ ಹೋದೆವು. ಅಪ್ಪ ಮಗಳು ಮಾತ್ರ ಬಾಗಿಲಲ್ಲೇ ಉಳಿದರು. ಹುಡುಗನ ತಾಯಿ ಒಳಗೇ ಮರೆತಿದ್ದ ಕೈಚೀಲ ತರಲು ಹಿಂದಿರುಗಿದ ನಾನು ಕೇಳಿಸಿಕೊಳ್ಳಬಾರದ್ದನ್ನು ಕೇಳಿಸಿಕೊಂಡೆ.

"ನೀನು ಬ್ರಿಸ್ಬೇನಿಗೆ ಹೋದ್ಮೇಲೆ," ಭಾವ ಚಪ್ಪಲಿಗಳನ್ನು ಕಾಲಿನಿಂದ ಸರಿಯಾಗಿ ಜೋಡಿಸುತ್ತಾ ಕೇಳುತ್ತಿದ್ದರು, "ಸಂಜೆ ಹೊತ್ತು ಫೋನ್ ಮಾಡ್ಲಾ?"

"ಮಾಡು ಅಪ್ಪ," ಎಂದಳು ಅನಘಾ. "ಏನೂ ಓದ್ಕೊಂಡು ಬರ್ಬೇಡ."