ಕಾಫಿ ಅವನಿಗೆ, ಮೆಣಸು ಅವಳಿಗೆ

ನಮ್ಮ ಯಜಮಾನರು ವಿಲ್ ಬರೆಯದೆ ಹೋದರು. ಹೋಗುವ ಹಿಂದಿನ ದಿನ ನನ್ನನ್ನು ಹತ್ತಿರ ಕರೆದರು. ಆಸ್ತಿ ವಿಷಯ ಹೇಳುತ್ತಾರೆ ಎಂದುಕೊಂಡು ಬಗ್ಗಿದೆ. "ಮೆಣಸಿನ ಬಳ್ಳಿಗೆ ಬೋರ್ಡೋ ಹೊಡ್ಸು" ಎಂದರು. ಅಷ್ಟೇ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಕೊನೆಯ ಮಾತು ಬಳ್ಳಿ ರೋಗದ ಔಷಧಿ. (ಹೊಡೆಸಿದೆ. ಬಳ್ಳಿಗಳು ಚೆನ್ನಾಗಿವೆ.)

ಅವರ ಹೆಸರು ಕೆಂಪಣ್ಣ. (ಗಂಡನ ಹೆಸರು ಹೇಳಬಾರದು. ಬರೆಯಬಾರದು ಎಂದು ಯಾರೂ ಹೇಳಿಲ್ಲ.) ಮಾತು ಕಡಿಮೆ. ನಾನು ಅಡಿಗೆ ಮಾಡುವಾಗ ಒಲೆ ಹತ್ತಿರ ಮಣೆ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು. ಈಗಲೂ ಒಲೆ ಹತ್ತಿರ ಸದ್ದಿಲ್ಲ. ಆಗಲೂ ಇರಲಿಲ್ಲ. ಆದರೆ ಎರಡೂ ಒಂದೇ ಅಲ್ಲ. ಅಳುವುದನ್ನು ಬರೆದರೆ ನಿಮಗೂ ಬೇಜಾರು, ನನಗೂ ಬೇಜಾರು. ಬಿಡಿ.

ಕೊಡ್ಲಿಪೇಟೆ ಹತ್ತಿರ ನಮ್ಮದು ಮೂರು ಎಕರೆ ತೋಟ. ಕೆಳಗೆ ಕಾಫಿ, ಮೇಲೆ ಸಿಲ್ವರ್ ಮರ, ಮರಕ್ಕೆ ಹಬ್ಬಿದ ಕರಿಮೆಣಸು. ಕಾಫಿ ಗಿಡ ನೆಟ್ಟಿದ್ದು ಮಗ ಶಶಿಕುಮಾರ ಹುಟ್ಟಿದ ವರ್ಷ. ಮೆಣಸಿನ ಬಳ್ಳಿ ನೆಟ್ಟಿದ್ದು ಮಗಳು ಧನುಶ್ರೀ ಹುಟ್ಟಿದ ವರ್ಷ. ಶಶಿ, ಅವನ ಹೆಂಡತಿ ವಿನುತಾ ನನ್ನ ಜೊತೆಯಲ್ಲೇ ಇದ್ದಾರೆ. ಧನುವನ್ನು ಕುಶಾಲನಗರಕ್ಕೆ ಕೊಟ್ಟಿದ್ದೇವೆ.

ಅವರ ವರ್ಷದ ತಿಥಿ ಮುಗಿದ ಮಾರನೆ ದಿನ ಧನು ಬ್ಯಾಗಿಗೆ ಬಟ್ಟೆ ತುಂಬುತ್ತಾ ಹೇಳಿದಳು: "ಅಪ್ಪನ ಕೆಲಸ ಎಲ್ಲ ಮುಗೀತಲ್ಲವ್ವ. ಇನ್ನು ಬರೋಕೆ ಏನು ನೆಪ?"

ಶಶಿ ಅಲ್ಲೇ ನಿಂತಿದ್ದ. ಉಗುರು ನೋಡಿಕೊಂಡ. ಅವನೂ ಅಪ್ಪನ ಹಾಗೆ. ತಂಗಿಗೆ 'ಬಾ' ಎನ್ನುವುದಕ್ಕೂ ಬಾಯಿ ಬರುವುದಿಲ್ಲ.

ನನ್ನ ಅಣ್ಣನ ಮನೆ ಅರಕಲಗೂಡಿನಲ್ಲಿದೆ. ಅಪ್ಪ ಅವ್ವ ಹೋದ ಮೇಲೆ ನಾನು ಅಲ್ಲಿಗೆ ಹೋಗಿದ್ದು ಎರಡೇ ಸಲ. ಎರಡೂ ಸಲ ಸಾವಿಗೆ. ನಾನು ಹೋದ ಮೇಲೆ ಇವರಿಬ್ಬರದೂ ಅದೇ ಗತಿ.

ಆಮೇಲೆ ಹಸುವಿಗೆ ಹುಲ್ಲು ಹಾಕುವಾಗ ಜ್ಞಾನೋದಯವಾಯಿತು. (ದೊಡ್ಡವರಿಗೆ ಮರದ ಕೆಳಗೆ ಆಗುತ್ತದಂತೆ. ನನಗೆ ಕೊಟ್ಟಿಗೆಯಲ್ಲಿ.) ವಿಲ್ ಬರೆಯಬೇಕು. ಆದರೆ ಜಮೀನು ತುಂಡು ಮಾಡಬಾರದು. ತುಂಡು ಮಾಡಿದರೆ ಮಧ್ಯೆ ಬೇಲಿ ಬರುತ್ತದೆ. ಕಾಫಿ ಎಲ್ಲ ಶಶಿಗೆ, ಮೆಣಸು ಎಲ್ಲ ಧನುಗೆ. ಬಳ್ಳಿಯನ್ನು ಕುಶಾಲನಗರಕ್ಕೆ ಹೊತ್ತುಕೊಂಡು ಹೋಗಲಾಗದು. ವರ್ಷ ವರ್ಷ ಅವಳು ಬರಲೇಬೇಕು. ಇವನು ಏಣಿ ಹಿಡಿಯಲೇಬೇಕು. ನಾಲ್ಕನೇ ಕ್ಲಾಸು ಓದಿದ ತಲೆಗೆ ಇದು ಹೊಳೆಯಿತಲ್ಲ ಎಂದು ಹಸುವಿಗೆ ಒಂದು ಹಿಡಿ ಬೂಸ ಜಾಸ್ತಿ ಹಾಕಿದೆ.

ಧನುವನ್ನು ಹೊರಡಲು ಬಿಡಲಿಲ್ಲ. ಎಲ್ಲರನ್ನೂ ಕೂರಿಸಿ ಹೇಳಿದೆ.

"ಮರ ಯಾರ್ದು?" ಶಶಿ ಕೇಳಿದ.

"ಮರ ನಿಮ್ಮಪ್ಪಂದು."

"ಅಪ್ಪ ಸತ್ತು ವರ್ಷ ಆಯ್ತಲ್ಲವ್ವ."

"ಮರ ಬದುಕೈತಲ್ಲ."

"ಮರದ ನೆರಳು ಯಾರಿಗೆ ಅತ್ತೆ?" ವಿನುತಾ ಬಾಯಿ ಹಾಕಿದಳು.

"ನೆರಳಿಗೂ ವಿಲ್ ಬರೀಬೇಕೇನೆ?"

"ಬರೀಬೇಕು. ಕಾಫಿಗೆ ಬಿಸ್ಲು ಬೀಳ್ಲಿ ಅಂತ ಇವ್ರು ಮರದ ಕೊಂಬೆ ಕಡಿಸ್ತಾರೆ. ಆ ಕೊಂಬೆ ಧನು ಬಳ್ಳಿ ಮೇಲೆ ಬೀಳ್ತದೆ."

"ಬಳ್ಳಿ ಇಲ್ದಿರೋ ಮರ ಕಡ್ಸು ಅಣ್ಣ."

"ಬಳ್ಳಿ ಇಲ್ದಿರೋ ಮರ ಒಂದು ತೋರ್ಸು, ನಿಂಗೇ ಬರ್ಕೊಡ್ತೀನಿ."

"ನೀನ್ಯಾಕೆ ಬರ್ಕೊಡ್ತೀಯ? ಮರ ಅಪ್ಪಂದು!"

ಇನ್ನೂ ವಿಲ್ ಬರೆದಿಲ್ಲ, ಆಗಲೇ ಕೋರ್ಟು ಶುರು. ನಾನು ಕೈ ಎತ್ತಿದೆ. "ಹಸು ಕೊಳ್ಳೋಕೆ ಮುಂಚೆ ಎರಡು ಹೊತ್ತು ಕರೆದು ನೋಡ್ತೀವಿ. ವಿಲ್ಲೂ ಹಂಗೇ. ಒಂದು ವರ್ಷ ನಡ್ಸಿ ನೋಡಾಣ. ಸರಿಹೋದ್ರೆ ಬರ್ಸಾಣ."

ಕಾಫಿ ಕುಯ್ಲು ಶಶಿ ಮುಗಿಸಿದ. ಒಂದು ತಕರಾರು ಇಲ್ಲ. ನಾನೇ ಮಹಾರಾಣಿ, ನನ್ನದೇ ಶಾಸನ ಎಂದು ಬೀಗಿದೆ. ಎರಡು ತಿಂಗಳು ಬೀಗಿದೆ.

ಮಾರ್ಚ್‌ನಲ್ಲಿ ಹೂಮಳೆ ಬಂತು. ಒಂಬತ್ತನೇ ದಿನ ಬೆಳಿಗ್ಗೆ ನೋಡಿದರೆ ಮೂರು ಎಕರೆಗೂ ಯಾರೋ ಮೊಸರನ್ನ ಚೆಲ್ಲಿದ ಹಾಗೆ ಕಾಫಿ ಹೂವು. ಹೂವು ಬಿಟ್ಟ ದಿನಗಳಲ್ಲಿ ತೋಟಕ್ಕೆ ಇಳಿಯಬಾರದು. ಮೈ ತಾಗಿದರೆ ಹೂವು ಉದುರುತ್ತದೆ, ಉದುರಿದರೆ ಕಾಯಿ ಇಲ್ಲ. ಶಶಿ ನಾಯಿಯನ್ನೂ ಕಟ್ಟಿ ಹಾಕಿದ.

ಅದೇ ದಿನ ಒಂಬತ್ತು ಗಂಟೆಗೆ ಧನು ಪಿಕಪ್ಪಿನಲ್ಲಿ ಬಂದಳು. ಜೊತೆಗೆ ಮಾರಿ, ಮಾರಿಯ ಮೂರು ಜನ, ನಾಲ್ಕು ಬಿದಿರೇಣಿ. ಮಾರಿ ಮೆಣಸು ಕುಯ್ಯುವುದರಲ್ಲಿ ಎತ್ತಿದ ಕೈ. ಅವನು ಸಿಕ್ಕಿದ ದಿನವೇ ಕುಯ್ಲು.

ಶಶಿ ಗೇಟಿಗೆ ಅಡ್ಡ ನಿಂತ. "ಹೂವು ನಿಂತದೆ. ಮೂರು ದಿನ ತಡ್ಕೊ."

"ಮೆಣಸು ಹಣ್ಣಾಗ್ಯದೆ. ಇನ್ನೊಂದು ಮಳೆ ಬಿದ್ರೆ ಎಲ್ಲ ನೆಲಕ್ಕೆ. ಮಾರಿ ನಾಳೆ ಬೇರೆ ತೋಟಕ್ಕೆ ಹೋಗ್ತಾನೆ."

"ನನ್ನ ಹೂವು ತುಳೀಬೇಡ."

"ನನ್ನ ಮೆಣಸು ತಡೀಬೇಡ."

ಮಾರಿ ಪಿಕಪ್ಪಿನ ಮೇಲಿಂದ ಹೇಳಿದ: "ನಾವು ಹತ್ತೋಕೂ ರೆಡಿ, ಕೂರೋಕೂ ರೆಡಿ. ಯಾವ್ದೋ ಒಂದು ಹೇಳಿ ಸ್ವಾಮಿ."

ಇಬ್ಬರೂ ನನ್ನ ಕಡೆ ತಿರುಗಿದರು. "ಅವ್ವ, ನಿನ್ ವಿಲ್ ಏನ್ ಹೇಳ್ತದೆ?"

ನನ್ನ ವಿಲ್ ಏನೂ ಹೇಳಲಿಲ್ಲ. ಹೂವಿನ ಯೋಚನೆಯೇ ಅದಕ್ಕೆ ಇರಲಿಲ್ಲ. ನಲವತ್ತು ವರ್ಷ ಈ ತೋಟದಲ್ಲಿ ಓಡಾಡಿದವಳು ನಾನು. ನನಗೂ ಇರಲಿಲ್ಲ.

ಆಗ ಶಶಿ ಅನ್ನಬಾರದ ಮಾತು ಅಂದ. "ಹಂಗಾದ್ರೆ ನಿನ್ ಬಳ್ಳಿ ಕಿತ್ಕೊಂಡು ಹೋಗು."

ಧನು ಮುಖ ಸಣ್ಣದಾಯಿತು. "ಹೋಗ್ತೀನಿ. ಮತ್ತೆ ಬರಲ್ಲ. ಮಾರಿ, ಗಾಡಿ ತಿರುಗ್ಸು."

ಅವಳನ್ನು ಕರೆಸಿಕೊಳ್ಳಲು ಮಾಡಿದ ಉಪಾಯ ಅವಳನ್ನೇ ಓಡಿಸುತ್ತಿದೆ. ನನಗೆ ತಲೆ ಓಡಲಿಲ್ಲ. ಕಾಲು ಓಡಿತು. ಪಿಕಪ್ಪಿನಿಂದ ಒಂದು ಏಣಿ ಎಳೆದುಕೊಂಡೆ. "ಯಾವ ಆಳೂ ಬೇಡ, ನಾನೇ ಕುಯ್ತೀನಿ. ಒಂದು ಹೂವು ಅಲ್ಲಾಡಲ್ಲ ನೋಡ್ತಿರಿ" ಎಂದು ಗೇಟಿನ ಪಕ್ಕದ ಮೊದಲ ಮರಕ್ಕೆ ಏಣಿ ಒರಗಿಸಿ ಹತ್ತಿದೆ.

ಐದು ಮೆಟ್ಟಿಲು ಹತ್ತಿದೆ. ಅರವತ್ತೆರಡು ವಯಸ್ಸಿನ ಹೆಂಗಸಿಗೆ ಅದು ಕಡಿಮೆಯೇನಲ್ಲ. ಆರನೇ ಮೆಟ್ಟಿಲಲ್ಲಿ ಸೀರೆ ಕಾಲಿಗೆ ಸಿಕ್ಕಿತು. ಏಣಿ ತಿರುಗಿತು. ನಾನು ಕಾಫಿ ಗಿಡದ ನೆತ್ತಿಯ ಮೇಲೆ ಹೋಗಿ ಕೂತೆ. ಗಿಡ ನನ್ನನ್ನು ಹೊರಲಿಲ್ಲ. ಅಲ್ಲಿಂದ ಇಳಿಜಾರು. ಪುಷ್ಪವೃಷ್ಟಿಯ ನಡುವೆ ದೇವರು ಬಂದ ಹಾಗೆ ನಾನು ಇಳಿದು ಹೋದೆ. ಏಳು ಗಿಡ ಬೋಳಾದವು. (ಆಮೇಲೆ ಎಣಿಸಿದ್ದು ವಿನುತಾ. ಇಂಥದ್ದಕ್ಕೆ ಅವಳು ಮುಂದೆ.)

"ಅವ್ವಾ!" ಎಂದು ಇಬ್ಬರೂ ನುಗ್ಗಿದರು. ಹೂವು ಯಾರಿಗೆ ನೆನಪಾಗುತ್ತದೆ? ಶಶಿ ರಟ್ಟೆ ಹಿಡಿದ, ಧನು ಕಾಲು ಹಿಡಿದಳು.

"ಅಣ್ಣ, ಬೆನ್ನಿಗೆ ಕೈ ಕೊಡೋ!"

"ನೀನು ಆ ಕಾಲು ಎಳೀಬೇಡ ಮಾರಾಯ್ತಿ, ಉಳುಕಿರ್ಬೇಕು!"

"ನಿಧಾನ, ಕಲ್ಲು ಅದೆ ಅಲ್ಲಿ!"

ಮಾರಿಯ ಜನ ಹಿಂದಿನಿಂದ ತಳ್ಳಿದರು. ನಾನು ಮೇಲೆ ಬರುವ ಹೊತ್ತಿಗೆ ಇನ್ನೂ ಹದಿಮೂರು ಗಿಡ ಬೋಳು. ಎಷ್ಟೋ ತಿಂಗಳಿಂದ ಅಣ್ಣ ತಂಗಿ ಅಷ್ಟೊಂದು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಾಲು ನೋಯುತ್ತಿತ್ತು. ಆದರೂ ಇನ್ನೆರಡು ಸಾಲು ಕೆಳಗೆ ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಕೂಡಲೇ ಹೇಳಿದೆ. "ಸಣ್ಣಸ್ವಾಮಿನ ಕರ್ಸು. ಇವತ್ತೇ ವಿಲ್ ಬರೀಬೇಕು. ನಾನು ಇನ್ನು ಎಷ್ಟು ದಿನವೋ."

"ಕಾಲು ಉಳುಕಿ ಸತ್ತೋರಿಲ್ಲ ಅತ್ತೆ" ಎಂದಳು ವಿನುತಾ.

ಸಣ್ಣಸ್ವಾಮಿ ನಾಡಕಚೇರಿ ಎದುರು ಮೇಜು ಹಾಕಿಕೊಂಡು ಪತ್ರ ಬರೆಯುವವರು. ಸಂಜೆ ಸ್ಕೂಟರಿನಲ್ಲಿ ಬಂದರು. ಕಾಫಿ ಕುಡಿದರು. ಪೆನ್ನು ತೆಗೆದು ಒಂದೇ ಪ್ರಶ್ನೆ ಕೇಳಿದರು.

"ತೋಟ ಯಾರ ಹೆಸರಲ್ಲಿ ಅದೆ ರಾಮಮ್ಮೋರೆ?"

"ನಮ್ಮ ಯಜಮಾನ್ರ ಹೆಸರಲ್ಲಿ. ಅವರೇ ಕೊಂಡಿದ್ದು."

ಪೆನ್ನು ಜೇಬಿಗೆ ಹೋಯಿತು. "ಅವ್ರು ವಿಲ್ ಬರೀದೆ ಹೋದ್ರು. ಅವರ ತಾಯಿನೂ ಇಲ್ಲ. ಈಗ ನಿಮ್ಮ ಮೂರು ಜನಕ್ಕೂ ಸಮಪಾಲು. ಮೊದ್ಲು ಮೂವರ ಹೆಸರಿಗೂ ಖಾತೆ ಆಗ್ಲಿ. ಆಮೇಲೆ ನಿಮ್ಮ ಒಂದು ಪಾಲಿಗೆ ಏನು ಬೇಕಾದ್ರೂ ಬರೀರಿ. ಈ ಮಕ್ಕಳ ಪಾಲನ್ನ ಈ ಮಕ್ಕಳಿಗೇ ಕೊಡೋಕೆ ನೀವ್ಯಾರು?"

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಇಷ್ಟು ದಿನ ನಾನು ಕರ್ಣನ ಹಾಗೆ ದಾನ ಮಾಡಿದ್ದು ಅವರದೇ ಆಸ್ತಿ.

ಶಶಿ ತಂಗಿಯ ಮುಖ ನೋಡಿದ. ನಗು ಮೊದಲು ಬಂದದ್ದು ಅವನಿಗೆ. ಅವರಪ್ಪ ಹೋದ ಮೇಲೆ ಈ ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ನಕ್ಕಿರಲಿಲ್ಲ. ಧನು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ನನ್ನ ಸೊಸೆಯಂತೂ ಒಳಗೆ ಹೋಗಿ ನಕ್ಕಳು. ಅಷ್ಟು ಮರ್ಯಾದೆ ಇದೆ.

ಆಮೇಲೆ ಶಶಿ ತಲೆ ಕೆರೆದುಕೊಂಡು ಹೇಳಿದ. "ಧನು, ಇನ್ನು ಮೂರು ದಿನ ಇರು. ಹೂವು ಬಾಡ್ಲಿ. ಮಾರಿ ಸಿಗದಿದ್ರೆ ಹೋಗ್ಲಿ, ಇಬ್ರೂ ಸೇರಿ ಕುಯ್ಯಾಣ. ತೋಟ ಒಂದೇ ಇರ್ಲಿ."

"ಅವ್ವ ಒಪ್ಬೇಕಲ್ಲ."

"ಮೂರರಲ್ಲಿ ಎರಡು ಪಾಲು ನಮ್ದು. ಅವ್ವನ್ನ ಯಾಕೆ ಕೇಳ್ಬೇಕು?"

ನನ್ನ ಎದುರಿಗೇ ಇನ್ನೊಂದು ಠರಾವೂ ಪಾಸಾಯಿತು. ಕುಯ್ಲು ಮುಗಿಯುವ ತನಕ ಅವ್ವ ತೋಟಕ್ಕೆ ಇಳಿಯಕೂಡದು. ಅಣ್ಣ ತಂಗಿ ಒಟ್ಟಿಗೆ ಕೈ ಎತ್ತಿದರು. ಸಣ್ಣಸ್ವಾಮಿ ಸಾಕ್ಷಿ.

ಇವತ್ತು ಐದನೇ ದಿನ. ಧನು ಇನ್ನೂ ಹೋಗಿಲ್ಲ. ಹೋಳಿಗೆ ತಿಂದು ಹೋಗು ಎಂದು ಅವಳಣ್ಣನೇ ಹೇಳಿದ್ದಾನೆ. (ಹೋಳಿಗೆ ಮಾಡುವವಳು ವಿನುತಾ.) ನಾನು ಕಾಫಿ ಕಣದಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕಾಲು ನೀಡಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಶಶಿ ಏಣಿ ಮೇಲಿದ್ದಾನೆ, ಧನು ಏಣಿ ಹಿಡಿದಿದ್ದಾಳೆ. ನಾನು ಯೋಚಿಸಿದ್ದು ಅದಲುಬದಲು, ಇರಲಿ. ನಾನು ಸತ್ತ ಮೇಲೆ ಆಗಲಿ ಎಂದು ಬಯಸಿದ್ದೆಲ್ಲ ನಾನಿರುವಾಗಲೇ ಆಗಿಹೋಯಿತು. ಮಕ್ಕಳು ಒಂದಾಗಿದ್ದಾರೆ, ತೋಟದಲ್ಲಿ ನಾನಿಲ್ಲ.

ಏಣಿ ಓರೆಯಾಗಿದೆ. ಇಲ್ಲಿಂದಲೇ ಕೂಗಿದೆ. "ಏಣಿ ಸರಿಯಾಗಿ ಒರಗ್ಸೋ! ಬೀಳ್ತೀಯ!"

"ನೀನು ಸುಮ್ನೆ ಕೂತ್ಕೊ ಅವ್ವ!"

ಇಬ್ಬರೂ ಒಟ್ಟಿಗೇ ಅಂದರು. ಕೂತಿದ್ದೇನೆ.