ನೆಂಟರ ಮನೆಗಳ ಮೇಲೆ ವಿಮಾನಯಾನ

ಸೇಲಂ ಬಳಿಯ ನಮ್ಮ ಕಡಯಂಪಟ್ಟಿಯಿಂದ ಬೆಂಗಳೂರಿಗೆ ನಾಲ್ಕು ಗಂಟೆಯ ದಾರಿ ಎಂದು ಫೋನಿನ ನಕ್ಷೆ ಹೇಳುತ್ತದೆ. ಪಾಪ, ಅದಕ್ಕೆ ನನ್ನ ಹೆಂಡತಿ ಮೇನಕಾಳ ತವರಿನವರು ಗೊತ್ತಿಲ್ಲ. ನಲ್ಲಂಪಳ್ಳಿಯಲ್ಲಿ ಅವಳ ಅಕ್ಕ ಸರಿತಾ, ಧರ್ಮಪುರಿಯಲ್ಲಿ ಚಿಕ್ಕಪ್ಪ ಕೃಷ್ಣಪ್ಪ, ಕಾರಿಮಂಗಲದಲ್ಲಿ ದೊಡ್ಡಮ್ಮ ನಾರಾಯಣಮ್ಮ. ಹೆದ್ದಾರಿ ಹಾಕಿದವರು ಈ ಮೂವರ ಮನೆ ವಿಚಾರಿಸಿಕೊಂಡೇ ಹಾಕಿದಂತಿದೆ. ಒಂದು ಮನೆ ಬಿಟ್ಟರೂ ವರ್ಷವಿಡೀ ಮಾತಿಲ್ಲ. ಎಲ್ಲ ಕಡೆಯೂ ಮುದ್ದೆ. (ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಎರಡನೆಯದು ತಟ್ಟೆಗೆ ಬಿದ್ದಿರುತ್ತದೆ.) ಬೆಂಗಳೂರು ತಲುಪುವ ಹೊತ್ತಿಗೆ ನನ್ನನ್ನು ಬಸ್ಸಿನಿಂದ ಇಬ್ಬರು ಇಳಿಸಬೇಕು.

ಈ ಸಲ ಅತ್ತಿಬೆಲೆಯಲ್ಲಿರುವ ಭಾವಮೈದ ಅಶ್ವತ್ಥ್ ಬಂದು ಹೋಗಿ ಎಂದಾಗ ನನಗೆ ಜ್ಞಾನೋದಯವಾಯಿತು. ಸೇಲಂ ವಿಮಾನ ನಿಲ್ದಾಣ ನಮ್ಮ ಮನೆಯ ಮಗ್ಗುಲಲ್ಲೇ ಇದೆ!

"ಒಂದೇ ಗಂಟೆ ಕಣೇ. ನಡುವೆ ಒಂದು ನೆಂಟರ ಮನೇನೂ ಇಲ್ಲ!"

"ದೊಡ್ಡಮ್ಮ ಏನಂದ್ಕೊಂತಾರೆ?"

"ವಿಮಾನಾನ ಕಾರಿಮಂಗಲದಾಗೆ ಓರಕ್ಕೆ ನಿಲ್ಸಕಾಯ್ತದಾ?"

"ನಿಮ್ ತಂಗಿ ಮನೆ ಇದ್ದಿದ್ರೆ ಪ್ಯಾರಾಚೂಟ್ ಕಟ್ಕೊಂಡು ಇಳೀತಿದ್ರಿ!"

ಅವಳು ಏನೇ ಅನ್ನಲಿ, ಟಿಕೆಟ್ ನನ್ನ ಕೈಯಲ್ಲಿತ್ತು. ಹಿಂದಿನ ಸಂಜೆಯೇ ಮೂರು ಮನೆಗೂ ಫೋನ್ ಮಾಡಿ, ನಾನೇ ಖುದ್ದಾಗಿ ವಿಷಾದ ವ್ಯಕ್ತಪಡಿಸಿದೆ.

"ಏನ್ ಮಾಡಾದು ದೊಡ್ಡಮ್ಮ, ಫ್ಲೈಟು. ನಿಮ್ಮನೆ ಮ್ಯಾಲೇ ಓಯ್ತೀವಿ."

"ಪರವಾಯಿಲ್ಲ ಮಾಪಿಳ್ಳೆ," ಎಂದರು ನಾರಾಯಣಮ್ಮ; ಅಳಿಯನೆಂದರೆ ಅವರಿಗೆ ತಮಿಳಿನ ಮಾಪಿಳ್ಳೆಯೇ. "ಅಶ್ವತ್ಥನ ಮನೆಗೆ ಎಷ್ಟೊತ್ಗೆ ಸೇರ್ತೀರಾ?"

ಇಷ್ಟು ಸುಲಭವೇ ಎಂದು ನನಗೇ ಆಶ್ಚರ್ಯವಾಯಿತು. ಜಂಬದಿಂದ ಹೊತ್ತು ಹೇಳಿದೆ.

ಮರುದಿನ ಕಿಟಕಿ ಪಕ್ಕದ ಸಿಂಹಾಸನದಲ್ಲಿ ವಿರಾಜಮಾನನಾದೆ. ಯಾವ ಜನ್ಮದ ಪುಣ್ಯವೋ! ನಲ್ಲಂಪಳ್ಳಿ, ಧರ್ಮಪುರಿ ಎಲ್ಲವೂ ಎಲ್ಲೋ ಕೆಳಗೆ, ಸೌಟುಗಳ ಸಮೇತ. ಕಾರಿಮಂಗಲ ಬಂತೆಂದು ಊಹಿಸಿ ವಿಜಯದ ಸಲಾಮು ಹೊಡೆದೆ.

"ಅದು ರೆಕ್ಕೆ. ಕೈ ಕೆಳಗಿಳಿಸ್ರಿ, ಜನ ನೋಡ್ತಾರೆ," ಎಂದಳು ಮೇನಕಾ.

ಟಿಕೆಟ್ಟಿನಲ್ಲಿದ್ದ ಹೊತ್ತಿಗೆ ಸರಿಯಾಗಿ ಇಳಿದೆವು. ನಿಲ್ದಾಣ ಬೆಂಗಳೂರಿನ ಆ ತುದಿಗೆ, ಅತ್ತಿಬೆಲೆ ಈ ತುದಿಗೆ, ನಡುವೆ ಇಡೀ ಬೆಂಗಳೂರು. ಆಕಾಶದಲ್ಲಿ ಕಳೆದದ್ದಕ್ಕಿಂತ ಹೆಚ್ಚು ಹೊತ್ತು ಟ್ಯಾಕ್ಸಿಯಲ್ಲೇ ಕಳೆಯಿತು. ಆದರೇನು? ಮದುವೆಯಾದ ಮೇಲೆ ಬೆಂಗಳೂರಿಗೆ ಹಸಿದುಕೊಂಡು ಬಂದದ್ದು ಅದೇ ಮೊದಲು. ಖಾಲಿ ಹೊಟ್ಟೆಯ ಮೇಲೆ ಕೈಯಾಡಿಸಿಕೊಳ್ಳುತ್ತಾ ಗೆದ್ದ ರಾಜನಂತೆ ಇಳಿದೆ.

ಅಶ್ವತ್ಥನ ಬಾಗಿಲಲ್ಲಿ ಧರ್ಮಪುರಿ ನಂಬರಿನ ವ್ಯಾನು ನಿಂತಿತ್ತು. ಒಳಗೆ ಸರಿತಾ, ಕೃಷ್ಣಪ್ಪ, ನಾರಾಯಣಮ್ಮ. ವ್ಯಾನು ನಲ್ಲಂಪಳ್ಳಿಯಿಂದ ಹೊರಟು ದಾರಿಯಲ್ಲಿ ಎಲ್ಲರನ್ನೂ ಹತ್ತಿಸಿಕೊಂಡು ನಮಗಿಂತ ಮುಂಚೆಯೇ ಬಂದಿತ್ತು. ಸಾಲಾಗಿ ಮೂರು ದೊಡ್ಡ ಕ್ಯಾರಿಯರ್‌ಗಳು.

"ನಮ್ಮನೆ ಮ್ಯಾಲೇ ಅಸ್ಕೊಂಡು ಓದ್ರೆ ನಮ್ಗೆ ಒಟ್ಟೆ ಉರಿಯಲ್ವಾ ಮಾಪಿಳ್ಳೆ?" ಎಂದರು ನಾರಾಯಣಮ್ಮ, ಎಲೆ ಹಾಸುತ್ತಾ. "ಅದ್ಕೇ ಮೂರು ಮನೇದೂ ಇಲ್ಲಿಗೇ ತಂದ್ವಿ. ಕೂತ್ಕೊಳ್ಳಿ."

"ಬೆಳಗ್ಗಿಂದ ಏನೂ ತಿಂದಿಲ್ಲ ದೊಡ್ಡಮ್ಮ, ಪಾಪ," ಎಂದಳು ಮೇನಕಾ. ಅಷ್ಟು ಪ್ರೀತಿಯಿಂದ ಅವಳು ನನ್ನ ಬಗ್ಗೆ ಮಾತಾಡಿದ್ದು ಯಾವ ಕಾಲದಲ್ಲೋ.

ಸರಿತಾಳ ಹುರುಳಿ ಸಾರು, ಕೃಷ್ಣಪ್ಪನ ಮನೆಯ ಕೋಳಿ ಸಾರು, ದೊಡ್ಡಮ್ಮನ ಸೊಪ್ಪಿನ ಸಾರು. ಒಂದೊಂದಕ್ಕೂ ಒಂದೊಂದು ಮುದ್ದೆ. ಬಸ್ಸಿನಲ್ಲಾದರೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಅರಗಿಸಿಕೊಳ್ಳಲು ಒಂದಿಷ್ಟು ದಾರಿ ಇರುತ್ತಿತ್ತು. ಈಗ ಮೂರು ಊರೂ ಒಂದೇ ಎಲೆಯ ಮೇಲೆ ಬಂದು ಕೂತಿದ್ದವು. ಬೇರೆ ದಾರಿ ಕಾಣದೆ ನಲ್ಲಂಪಳ್ಳಿಗೆ ಕೈ ಹಾಕಿದೆ.