ಒಳಕೋಣೆಯ ಬಾಗಿಲು ಮತ್ತು ನಾಲ್ಕನೆಯ ಸ್ಥಾನ

ಮೇ ಹದಿನೇಳು, ಭಾನುವಾರ. ಬೆಳಿಗ್ಗೆ ಮೋಡ, ಹತ್ತಕ್ಕೆ ಚುರುಗುಟ್ಟುವ ಬಿಸಿಲು, ಹನ್ನೆರಡೂಕಾಲಿಗೆ ನಾಲ್ಕು ಹನಿ, ಮತ್ತೆ ಬಿಸಿಲು. ಹವಾಮಾನ ಕೇಂದ್ರದಲ್ಲಿ ಇಪ್ಪತ್ತಮೂರು ವರ್ಷ ದಾಖಲೆ ಬರೆದವನಾಗಿ ಹೇಳುತ್ತೇನೆ: ಇದಕ್ಕಿಂತ ನಿಲುವಿಲ್ಲದ ವಸ್ತು ಲೋಕದಲ್ಲಿ ಒಂದೇ ಒಂದಿದೆ. ಅದು ನಮ್ಮ ಫುಟ್‌ಬಾಲ್ ತಂಡ.

ಈ ವರ್ಷ ಇಪ್ಪತ್ತೊಂದು ಪಂದ್ಯಗಳಲ್ಲಿ ಒಂಬತ್ತು ಗೆಲುವು, ಒಂಬತ್ತು ಸೋಲು, ಮೂರು ಸಮ. ಅಗ್ರಸ್ಥಾನದ ತಂಡವನ್ನು ನಾಲ್ಕು ಗೋಲುಗಳಿಂದ ಬಡಿದ ಈ ಮಹಾವೀರರು, ಮರುವಾರವೇ ಕಟ್ಟಕಡೆಯ ತಂಡದೆದುರು ತಮ್ಮ ಕಾಲಿಗೆ ತಾವೇ ತೊಡರಿ ಬಿದ್ದರು. ಇಂದು ಕೊನೆಯ ಪಂದ್ಯ. ಗೆದ್ದರೆ ನಾಲ್ಕನೆಯ ಸ್ಥಾನ, ಹದಿನಾರು ವರ್ಷಗಳ ಬಳಿಕ ಮೇಲಿನ ಲೀಗಿಗೆ ಬಡ್ತಿ. ಇಲ್ಲವಾದರೆ ಇದೇ ಕೆಳಗಿನ ಲೀಗು, ಇದೇ ನಿಟ್ಟುಸಿರು.

ತರಬೇತುದಾರನ ಕೈಲಾಗದ್ದನ್ನು ನಾನು ಸಾಧಿಸಿ ತೋರಿಸುತ್ತೇನೆಂದು ಕಳೆದ ವಾರವೇ ಪಣ ತೊಟ್ಟಿದ್ದೆ! ಆಯುಧ ಕೈಯಲ್ಲೇ ಇತ್ತು: ನನ್ನ ದಿನಚರಿ. ಪ್ರತಿ ಪಂದ್ಯದ ದಿನದ ಗಾಳಿ, ಉಷ್ಣಾಂಶ, ನಾನು ತೊಟ್ಟ ಅಂಗಿ, ಕೋಣೆಯಲ್ಲಿದ್ದವರು, ಎಲ್ಲವೂ ಅದರಲ್ಲಿ ದಾಖಲಾಗಿವೆ. ಸಹಾಯಕ್ಕೆ ಹೆಂಡತಿಯ ತಮ್ಮನನ್ನು ಕರೆದೆ. ಅವನದು ಕನ್ನಡಕದ ಅಂಗಡಿ. ಭಾನುವಾರವೂ ತೆರೆದಿರುವುದರಿಂದ ಪಂದ್ಯ ನೋಡಲು ಬರುವವನಲ್ಲ. ಆದರೆ ವಾದಕ್ಕೆ ಸದಾ ಸಿದ್ಧ.

"ಭಾವ, ದೋಷ ಇರೋದು ಗೋಲ್‌ಕೀಪರ್‌ನಲ್ಲಿ."

"ಗೆದ್ದಾಗಲೂ ಅವನೇ ಇದ್ದನಲ್ಲೋ!"

"ಹಾಗಾದ್ರೆ ಆ ಉದ್ದ ಕೂದಲಿನವನು. ಚೆಂಡು ಸಿಕ್ರೆ ಸಾಕು, ಎದುರಾಳಿಗೆ ಉಡುಗೊರೆ ಕೊಟ್ಟು ಬರ್ತಾನೆ."

"ಒಂಬತ್ತು ಗೆಲುವಿನಲ್ಲೂ ಗೋಲು ಹೊಡೆದವನು ಅವನೇ ಕಣೋ."

"ಮತ್ತೆ ಯಾರನ್ನ ಬೈಯೋಣ? ಚೆಂಡನ್ನಾ?"

ಇಪ್ಪತ್ತೊಂದು ಪುಟ ತಿರುವಿ, ಗೀಟೆಳೆದು, ಪಟ್ಟಿ ಮಾಡಿದೆವು. ಅಂಗಿಗೂ ಗೆಲುವಿಗೂ ನಂಟಿಲ್ಲ. ಗಾಳಿಗೂ ಇಲ್ಲ. ಆಮೇಲೆ ಕಣ್ಣಿಗೆ ಬಿತ್ತು! ಸೋತ ಒಂಬತ್ತೂ ದಿನ "ಇವಳು ಪಕ್ಕದಲ್ಲಿ ಕುಳಿತಿದ್ದಳು" ಎಂದು ಬರೆದಿದ್ದೆ. ಗೆದ್ದ ಒಂಬತ್ತೂ ದಿನ "ಇವಳು ಒಳಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು." ಸಮವಾದ ಮೂರೂ ದಿನ? "ಇವಳು ಹೊಸ್ತಿಲಲ್ಲಿ ನಿಂತಿದ್ದಳು"!

ಭಾವಮೈದ ತನ್ನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಭಾವ... ಅಕ್ಕ!"

"ಮೆಲ್ಲಗೆ ಮಾತಾಡು," ಎಂದೆ.

ಇವಳು ಶಾಲೆಯಲ್ಲಿ ಗಣಿತದ ಅಧ್ಯಾಪಕಿ. ವಿಷಯವನ್ನು ನೇರವಾಗಿ ಹೇಳುವ ಎದೆಗಾರಿಕೆ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ. ಆದ್ದರಿಂದ ಗುಟ್ಟಾಗಿ ಒಂದು ವ್ಯೂಹ ರಚಿಸಿದೆವು. ಇಂದು ಅಂಗಡಿ ಮುಚ್ಚಿ ಬಂದ ಭಾವಮೈದ, ಕನ್ನಡಕ ಬಿಗಿಯುವ ಕಿರುಬೆರಳಿನಷ್ಟೇ ಇರುವ ಸ್ಕ್ರೂಡ್ರೈವರ್‌ನಿಂದ ಒಳಕೋಣೆಯ ಬಾಗಿಲ ಒಳಗಡೆಯ ಹಿಡಿಯನ್ನು ಸಡಿಲಿಸಿದ. ಎಳೆದರೆ ಹಿಡಿ ಕೈಗೆ ಬರಬೇಕು, ಬಾಗಿಲು ತೆರೆಯಬಾರದು. ಆಟ ಮುಗಿದ ಮೇಲೆ ನಾವೇ ಹೊರಗಿನಿಂದ ತೆರೆದು, "ಅಯ್ಯೋ, ಸಿಕ್ಕಿಕೊಂಡಿದ್ದೆಯಾ!" ಎಂದು ಅಚ್ಚರಿಪಡಬೇಕು.

ಮೂರೂವರೆಗೆ ಇವಳು ಉತ್ತರಪತ್ರಿಕೆಗಳ ಕಟ್ಟಿನೊಂದಿಗೆ ಒಳಹೋಗಿ ಬಾಗಿಲು ಹಾಕಿಕೊಂಡಳು. ಆಟ ಶುರುವಾಯಿತು. ಇಪ್ಪತ್ತಾರನೆಯ ನಿಮಿಷಕ್ಕೆ ಗೋಲು ಬಿತ್ತು. ನಮ್ಮ ಬಲೆಗೆ!

ನಾವಿಬ್ಬರೂ ಮಾತು ಬಿದ್ದವರಂತೆ ಕುಳಿತೆವು. ಒಂದು ನಿಮಿಷವೂ ಕಳೆದಿರಲಿಲ್ಲ, ಒಳಗೆ ಕುರ್ಚಿ ಸರಿದ ಸದ್ದು, ಹೆಜ್ಜೆ, ಹಿಡಿ ತಿರುಗಿದ ಸದ್ದು, ಠಣ್ ಎಂದು ಏನೋ ಬಿದ್ದ ಸದ್ದು.

"ಏನ್ರೀ! ಹಿಡಿ ಕಿತ್ತು ಬಂತು. ಬಾಗಿಲು ತೆಗೀರಿ!"

ಇನ್ನು ಬರೆಯಲಿರುವ ವಾಕ್ಯವನ್ನು ಬರೆಯದೆ ಬಿಡಬಹುದಿತ್ತು. ಆದರೆ ದಿನಚರಿಯಲ್ಲಿ ಸುಳ್ಳು ಬರೆದು ನನಗೆ ರೂಢಿಯಿಲ್ಲ. ನಾನು ಟೀವಿಯ ಸದ್ದನ್ನು ಏರಿಸಿದೆ.

ವಿರಾಮಕ್ಕೆ ಎರಡು ನಿಮಿಷವಿದ್ದಾಗ ನಮ್ಮ ಬಲೆಗೇ ಎರಡನೆಯ ಗೋಲು. ಈಗ ಮುಚ್ಚಿದ ಬಾಗಿಲನ್ನೂ ನಂಬುವಂತಿರಲಿಲ್ಲ. ಸದ್ದು ತಗ್ಗಿಸಿ ಬಾಗಿಲ ಬಳಿ ಹೋದೆ.

"ಇವತ್ತೂ ಸೋಲ್ತಾ ಇದೀವಾ?" ಒಳಗಿನಿಂದ ಪ್ರಶ್ನೆ ಬಂತು.

"ನಿನಗೆ ಹೇಗೆ ಗೊತ್ತಾಯ್ತು?"

"ಗೆಲ್ಲೋವಾಗ ಇಡೀ ಬೀದಿಗೆ ಕೇಳೋ ಹಾಗೆ ಕಿರುಚ್ತೀರಿ. ಸೋಲೋವಾಗ ಉಸಿರೇ ಇರಲ್ಲ. ನಿಮ್ಮ ಸದ್ದು ನಿಂತ ಕೂಡಲೇ ಪೆನ್ನು ಕೆಳಗಿಟ್ಟು ಬರ್ತೀನಿ. ವರ್ಷವೆಲ್ಲಾ ಹಾಗೇ ಬಂದಿಲ್ವಾ? ಒಬ್ರೇ ಕೂತ್ಕೊಂಡು ಸೋಲಬಾರದಲ್ಲ ಪಾಪ, ಅಂತ."

ನನ್ನ ಕೈ ಹಿಡಿಯ ಮೇಲೆಯೇ ನಿಂತಿತು. ಇವಳು ಬಂದದ್ದರಿಂದ ತಂಡ ಸೋತದ್ದಲ್ಲ. ತಂಡ ಸೋಲುತ್ತಿದ್ದುದರಿಂದ ಇವಳು ಬಂದದ್ದು. ಆಟ ಸಮವಾಗಿದ್ದಾಗ, ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತದ್ದು. ಮಳೆಯ ಮೊದಲ ಹನಿ ಬಿದ್ದ ಗಳಿಗೆಯನ್ನು ನಿಮಿಷದ ಸಮೇತ ಬರೆಯುವ ನಾನು, ಹೆಂಡತಿ ಬಂದು ಪಕ್ಕದಲ್ಲಿ ಕುಳಿತ ಗಳಿಗೆಯನ್ನು ಒಂದು ಸಲವೂ ಬರೆದಿರಲಿಲ್ಲ!

"ತೆಗೀರಿ ಮತ್ತೆ," ಎಂದಳು.

ಹಿಡಿ ತಿರುಗಿಸಿದೆ. ಅದು ಬುಗುರಿಯಂತೆ ಸುತ್ತಿತು, ಬಾಗಿಲು ಅಲುಗಲಿಲ್ಲ. ಒಳಗಡೆಯ ಹಿಡಿಯೊಂದಿಗೆ ಎರಡೂ ಹಿಡಿಗಳನ್ನು ಜೋಡಿಸುವ ನಡುವಿನ ಕಂಬಿಯೂ ಕಿತ್ತು ಬಂದಿತ್ತು! ಭಾವಮೈದನ ಸ್ಕ್ರೂಡ್ರೈವರ್ ತೂರಿಸಿ ತಿರುವಿದೆವು. ಅದು ಮುರಿದು, ಅರ್ಧ ಬೀಗದೊಳಗೇ ಉಳಿಯಿತು.

"ನಾನು ಬಿಗಿಯೋದು ಕನ್ನಡಕ ಭಾವ, ಕೋಟೆ ಬಾಗಿಲಲ್ಲ," ಎಂದು ಗೊಣಗಿದ.

"ಸಡಿಲ ಮಾಡೋವಾಗ ಈ ಜ್ಞಾನ ಇರಲಿಲ್ವಾ?" ಎಂದು ರೇಗಿದೆ.

ಬಾಗಿಲ ಆಚೆಯಿಂದ ಇವಳ ದನಿ ಬಂತು. "ಸಡಿಲ ಮಾಡಿದ್ದಾ? ಯಾರು? ಯಾಕೆ?"

ಒಪ್ಪಿಕೊಂಡೆ. ಪಟ್ಟಿ, ಪುಟ, ಗೀಟು, ಎಲ್ಲವನ್ನೂ.

"ಓಹೋ. ನನ್ನ ಕಾಲ್ಗುಣ! ಅದನ್ನ ಹೇಳೋದಕ್ಕೆ ಡಿಗ್ರಿ ಓದಿ, ಇಪ್ಪತ್ತೊಂದು ಪುಟ ತಿರುವಿ ಹಾಕಬೇಕಿತ್ತಾ? ಲೋ ತಮ್ಮಾ, ನೀನೂ ಸೇರ್ಕೊಂಡ್ಯಾ?"

"ಅಕ್ಕಾ, ನಾನು ಬೇಡ ಅಂತಾನೇ ಹೇಳಿದ್ದೆ," ಎಂದು ನನ್ನ ಕಣ್ಣೆದುರೇ ಸುಳ್ಳು ಹೇಳಿದ.

ಎದುರು ಮನೆಯ ಬಡಗಿಯನ್ನು ಕರೆಯಲು ಓಡಿದೆ. ಅವನೂ ನಮ್ಮ ತಂಡದ ಪರಮಭಕ್ತ. ಟೀವಿಯಿಂದ ಕಣ್ಣು ಕೀಳಲಿಲ್ಲ. "ಯಾರಿಗಾದ್ರೂ ಉಸಿರು ಕಟ್ತಿದ್ಯಾ ಸಾರ್? ಇಲ್ಲ ತಾನೇ? ಆಟ ಮುಗೀಲಿ, ಬರ್ತೀನಿ."

ಹಾಗಾಗಿ ದ್ವಿತೀಯಾರ್ಧವನ್ನು ನಾನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತು ಕಳೆದೆ. ಬಾಗಿಲ ಆಚೆ ಅವಳೂ ಕುಳಿತಳೆಂದು ಬಳೆಯ ಸದ್ದಿನಿಂದ ತಿಳಿಯಿತು. ಟೀವಿ ಕಾಣದು, ಭಾವಮೈದ ಕೂಗಿ ಹೇಳಿದ್ದನ್ನು ನಾನು ಅವಳಿಗೆ ದಾಟಿಸುತ್ತಿದ್ದೆ. ಎಂಬತ್ತೊಂದನೆಯ ನಿಮಿಷಕ್ಕೆ ಉದ್ದ ಕೂದಲಿನವನು ಒಂದು ಗೋಲು ಹೊಡೆದ. ಇಬ್ಬರೂ ಕಿರುಚಿದೆವು. ಎಂಬತ್ತೊಂಬತ್ತಕ್ಕೆ ಅವನೇ ಹೊಡೆದ ಚೆಂಡು ಕಂಬಕ್ಕೆ ಬಡಿದು ಹೊರಗೆ ಹಾರಿತು. ಅಲ್ಲಿಗೆ ಆಟ ಮುಗಿಯಿತು. ಎರಡು–ಒಂದು. ಏಳನೆಯ ಸ್ಥಾನ.

ಬಡಗಿ ಉಳಿ ಸುತ್ತಿಗೆ ಹಿಡಿದು ಬಂದು, ಹದಿನಾರು ವರ್ಷಗಳ ಸಿಟ್ಟನ್ನೆಲ್ಲ ನಮ್ಮ ಬಾಗಿಲಿನ ಮೇಲೆ ತೀರಿಸಿಕೊಂಡ. ಇವಳು ಕೆಂಪು ಪೆನ್ನು ಹಿಡಿದೇ ಹೊರಬಂದಳು. ನೇರವಾಗಿ ಮೇಜಿನ ಬಳಿ ಹೋಗಿ, ನನ್ನ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದಳು.

"ಇವತ್ತಿಂದು ಸೇರಿ ಹತ್ತು ಸೋಲು. ಹತ್ತಕ್ಕೆ ಹತ್ತರಲ್ಲೂ ಈ ಕೋಣೇಲಿ ತಪ್ಪದೆ ಹಾಜರಿದ್ದೋರು ಒಬ್ಬರೇ. ಅವರ ಹೆಸರೇ ಬರೆದಿಲ್ವಲ್ರೀ?"

ಭಾವಮೈದ ಬಾಗಿಲ ಚೂರುಗಳನ್ನು ಆರಿಸುವುದರಲ್ಲಿ ಮುಳುಗಿಹೋದ.

"ತಪ್ಪಾಯ್ತು," ಎಂದೆ.

"ಇರಲಿ. ಮುಂದಿನ ವರ್ಷ ನೀವು ಒಳಗೆ ಕೂತ್ಕೊಳ್ಳಿ, ನಾನು ಇಲ್ಲಿ ಕೂತು ನೋಡ್ತೀನಿ. ಸೋಲ್ತಾ ಇದ್ರೆ ಎದ್ದು ಒಳಗೆ ಬಂದು ನಿಮ್ಮ ಜೊತೆ ಕೂತ್ಕೋತೀನಿ," ಎಂದು ಪೆನ್ನಿಗೆ ಮುಚ್ಚಳ ಹಾಕಿದಳು.

ಈ ದಿನದ ಖರ್ಚು: ಬೀಗ ಒಂದು, ಹಿಡಿ ಒಂದು ಜೊತೆ, ಬಾಗಿಲ ಹಲಗೆ ಒಂದು, ಸ್ಕ್ರೂಡ್ರೈವರ್ ಒಂದು. ಬಡಗಿ ಕೂಲಿ ತೆಗೆದುಕೊಳ್ಳಲಿಲ್ಲ. ಇಂದು ಅವನಿಗೂ ಮನಸ್ಸು ಸರಿಯಿರಲಿಲ್ಲ.